ಪೆನ್ಸಿಲ್ ಸಹಿ

“ಬನ್ನಿ, ಕೂತ್ಕೊಳ್ಳಿ,” ಎಂದರು ಸಾಹೇಬರು.

ಕಚೇರಿಯಲ್ಲಿ ಎಲ್ಲರೂ ಪೆನ್ಸಿಲ್ ಎಂದೇ ಕರೆಯುತ್ತಿದ್ದ ನಕ್ಷೆಗಾರ ಹಿಂದೆ ತಿರುಗಿ ನೋಡಿದ. ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ. ಸಾಹೇಬರು ಇದುವರೆಗೆ ಅವನನ್ನು ಕರೆದದ್ದೆಲ್ಲ ಏಕವಚನದಲ್ಲೇ. ಕೂರಿಸಿದ್ದಂತೂ ಇಲ್ಲವೇ ಇಲ್ಲ. ಅವನು ಕುರ್ಚಿಯ ತುದಿಗೆ ಅಂಟಿಕೊಂಡ.

ಸಾಹೇಬರು ಒಂದು ಕಾಗದವನ್ನು ಅವನತ್ತ ತಳ್ಳಿದರು. “ನಿಮ್ಮ ಪರೀಕ್ಷೆ ಡಿಗ್ರಿಗೆ ಸಮ ಅಂತ ಒಪ್ಪಿ ಸಹಿ ಹಾಕಿದೀನಿ. ಇವತ್ತಿಂದ ಅಲ್ಲ, ನೀವು ಪಾಸಾದ ದಿನದಿಂದ್ಲೇ. ನಿಮಗೆ ಸೇರಬೇಕಾದ್ದು ನಿಮಗೆ ಸೇರಲೇಬೇಕಲ್ಲ.”

ಪೆನ್ಸಿಲ್‌ನ ಕಣ್ಣು ಕಾಗದದ ಮೇಲೆ ಎರಡು ಸಲ ಓಡಿತು. ಅವನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಹಗಲು ಇದೇ ಕಚೇರಿಯಲ್ಲಿ ನಕ್ಷೆ ಬರೆಯುತ್ತ, ಪಾಠಗಳನ್ನು ಅಂಚೆಯಲ್ಲಿ ತರಿಸಿಕೊಂಡು, ಇಂಜಿನಿಯರುಗಳ ಸಂಘ ನಡೆಸುವ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸಿದವನು. ಆದರೂ ಕಚೇರಿಯ ಪದ್ಧತಿ ಕದಲಲಿಲ್ಲ. ಡಿಗ್ರಿ ಇದ್ದವರ ಸಹಿ ಶಾಯಿಯಲ್ಲಿ, ಇಲ್ಲದವರದು ಪೆನ್ಸಿಲಿನಲ್ಲಿ. ನಕ್ಷೆಯ ಮೂಲೆಯಲ್ಲಿರುವ ಹೊಣೆಗಾರನ ಚೌಕದಲ್ಲಿ ಅವನು ಗೀಚಬೇಕು. ಆಮೇಲೆ ಸಾಹೇಬರು ಅದನ್ನು ಅಳಿಸಿ ತಮ್ಮ ಸಹಿ ಹಾಕಬೇಕು. ಸಾಹೇಬರು ಸೋಮಾರಿ. ಎಷ್ಟೋ ಕಟ್ಟಡಗಳು ಪೆನ್ಸಿಲ್ ಗೀಚಿನ ಮೇಲೇ ಎದ್ದು ನಿಂತಿದ್ದವು. ಅವನಿಗೆ ಆ ಅಡ್ಡಹೆಸರು ಅಂಟಿಕೊಂಡದ್ದು ಹಾಗೆ. ಮನೆಯಲ್ಲಿ ಅಕ್ಕನ ಗಂಡನದು ಬೇರೆ ಹಾಡು. “ಅಂಚೆ ಇಂಜಿನಿಯರ್ ಸಾಹೇಬ್ರು ಬಂದ್ರು, ಸ್ಟಾಂಪ್ ಹಚ್ಚಿದೀರೇನು?”

ಆ ಪರೀಕ್ಷೆಯನ್ನು ಡಿಗ್ರಿಗೆ ಸಮ ಎಂದು ಒಪ್ಪಬಹುದೆಂಬ ಸರ್ಕಾರದ ಆದೇಶ ಬಂದು ತಿಂಗಳುಗಳೇ ಕಳೆದಿದ್ದವು. ಕೇಳಿದಾಗಲೆಲ್ಲ ಸಾಹೇಬರು “ನೋಡೋಣ” ಎಂದು ಡ್ರಾಯರು ಮುಚ್ಚುತ್ತಿದ್ದರು. ಇಂದು ಬೆಳಗ್ಗೆ ತಾವೇ ಫೋನು ಮಾಡಿ ಬೇಗ ಬರಲು ಹೇಳಿದ್ದರು.

ಮನೆಯ ನಲ್ಲಿಯಲ್ಲಿ ನೀರಿರಲಿಲ್ಲ. “ಮುಖ ತೊಳೀದೆ ಹೊರಟ್ರೆ ಅದೃಷ್ಟ ನಿಮ್ಮನ್ನ ಗುರುತೇ ಹಿಡಿಯಲ್ಲ ನೋಡಿ,” ಎಂದು ಹೆಂಡತಿ ಹೂಜಿಯ ತಳದ ನೀರನ್ನೇ ಅವನ ಕೈಗೆ ಸುರಿದಿದ್ದಳು. ಬಸ್ಸು ಯಾಕೋ ಊರೆಲ್ಲ ಸುತ್ತಿಕೊಂಡು ಬಂತು. ಕಚೇರಿಯಲ್ಲಿ ಗುಮಾಸ್ತರು ಗುಂಪಾಗಿ ಪಿಸುಗುಡುತ್ತಿದ್ದವರು ಅವನನ್ನು ಕಂಡು ತಟ್ಟನೆ ಬಾಯಿ ಮುಚ್ಚಿದರು. ಹೊಟ್ಟೆಕಿಚ್ಚು, ಎಂದುಕೊಂಡ. ಜವಾನನ ಸ್ಟೂಲು ಖಾಲಿ ಇತ್ತು, ಚಹಾ ಬರಲಿಲ್ಲ. ದಿನವೂ ಬೆಳಗ್ಗೆ ಮೇಜಿನ ದೀಪ ಹಾಕದೆ ಅವನಿಗೆ ಗೆರೆ ಕಾಣುತ್ತಿರಲಿಲ್ಲ. ಇಂದು ಮೇಜಿನ ತುಂಬ ಬಿಸಿಲು. ಶುಭ ಸೂಚನೆ ಎನ್ನಿಸಿತ್ತು.

“ಹಳೇ ನಕ್ಷೆಗಳಲ್ಲಿ ನಿಮ್ಮ ಪೆನ್ಸಿಲ್ ಹಾಗೇ ಉಳಿದಿದೆ,” ಎಂದರು ಸಾಹೇಬರು. “ಇನ್ನು ಅದು ಚೆನ್ನಾಗಿರಲ್ಲ. ಅದರ ಮೇಲೆ ಶಾಯಿಯಲ್ಲಿ ತಿದ್ದಿಬಿಡಿ. ತಾರೀಖು ಹಿಂದಿನದೇ ಇರಲಿ.”

ತಮ್ಮ ಪೆನ್ನನ್ನೇ ಕೊಟ್ಟರು. ನಕ್ಷೆಗಳ ಕಟ್ಟನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಮೂಲೆಗಳನ್ನಷ್ಟೇ ಒಂದೊಂದಾಗಿ ಸರಿಸತೊಡಗಿದರು. ಕಿಟಕಿಯ ಪರದೆ ಎಳೆದಿತ್ತು. ಅವರ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿ, ಶೂಗಳಿಗೆ ಕೆಸರು ಮೆತ್ತಿತ್ತು. ಮೇಜಿನ ಮೇಲೆ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

“ಫೋನು, ಸಾರ್…”

“ಬಡ್ಕೊಳ್ಲಿ ಬಿಡಿ. ಇದು ಮುಖ್ಯ.”

ಅವನು ಸಹಿ ಹಾಕುತ್ತ ಹೋದ. ಅಳಿಸಿಹೋಗಬೇಕಿದ್ದ ಹೆಸರು ಕಪ್ಪಗೆ, ಹೊಳೆಯುತ್ತ ಏಳುತ್ತಿತ್ತು. ಒಂದು ಮೂಲೆಯಲ್ಲಿ ಕೈ ನಿಂತಿತು. ಅಲ್ಲಿದ್ದದ್ದು ಅವನ ಫಲಿತಾಂಶ ಬಂದ ದಿನದ ತಾರೀಖು.

ಆ ದಿನ ಖುಷಿಯಲ್ಲಿ ಅವನ ಕಾಲು ನೆಲದ ಮೇಲಿರಲಿಲ್ಲ. ಕಚೇರಿಯ ಎದುರು ಕಟ್ಟಲಿದ್ದ ನೀರಿನ ಟ್ಯಾಂಕಿನ ಲೆಕ್ಕ ಪರಿಶೀಲಿಸಬೇಕಿತ್ತು. ಅಡಿಪಾಯದ ಹಾಳೆಗಳನ್ನು ಓದದೆ ಮಗುಚಿ ಗೀಚಿಬಿಟ್ಟಿದ್ದ. ಸಾಹೇಬರು ನೋಡುತ್ತಾರೆ, ಪೆನ್ಸಿಲಿಗೇನು ಹೊಣೆ, ಎಂದುಕೊಂಡಿದ್ದ. ಟ್ಯಾಂಕು ಎದ್ದು ಅವನ ಕುರ್ಚಿಯ ಹಿಂದಿನ ಕಿಟಕಿಯನ್ನು ತುಂಬಿಕೊಂಡು ನಿಂತಿತು. ಅಂದಿನಿಂದ ಅವನು ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದ. ರಸ್ತೆಯಲ್ಲಿ ತಲೆ ಎತ್ತುತ್ತಿರಲಿಲ್ಲ. ಗಾಳಿ ಬೀಸಿದರೆ ಬೆನ್ನ ಹಿಂದೆ ಯಾರೋ ಕಾಲು ಬದಲಿಸಿ ನಿಂತ ಹಾಗಾಗುತ್ತಿತ್ತು. ಇದು ಗೊತ್ತಿಲ್ಲದ ಜವಾನ ಚಹಾ ಇಡುತ್ತ ನಗುತ್ತಿದ್ದ. “ನಿಮ್ಮ ಟ್ಯಾಂಕಿನ ಬುಡದಲ್ಲೇ ನಮ್ಮ ಓಣಿ ಸಾರ್. ನಲ್ಲಿ ತಿರುಗಿಸಿದ್ರೆ ನಿಮ್ಮ ನೆನಪೇ!”

“ಯಾಕೆ, ನಿಲ್ಲಿಸಿಬಿಟ್ರಿ?” ಎಂದರು ಸಾಹೇಬರು.

“ಈ ಹಾಳೆ ಯಾವುದು ಅಂತ ಸ್ವಲ್ಪ ನೋಡ್ಲಾ, ಸಾರ್?”

ಅಂಗೈ ಕದಲಲಿಲ್ಲ. “ಇಂಜಿನಿಯರ್ ಆದ್ಮೇಲೆ ತನ್ನ ಸಹಿ ಮೇಲೆ ತನಗೇ ನಂಬಿಕೆ ಬೇಡ್ವೇನ್ರೀ? ಬೇಡಾಂದ್ರೆ ಬಿಡಿ. ಆ ಕಾಗದಾನೂ ವಾಪಸ್ ಕೊಡಿ.”

ಪೆನ್ಸಿಲ್‌ಗೆ ಅಕ್ಕನ ಗಂಡನ ನಗು ಕೇಳಿಸಿತು. ಕಣ್ಣು ಮಿಟುಕಿಸದೆ ಗೀಚಿನ ಮೇಲೆ ಶಾಯಿ ಎಳೆದ.

ಸಾಹೇಬರು ಒಣಗಲೂ ಬಿಡದೆ ಆ ಹಾಳೆಯನ್ನು ಎಳೆದುಕೊಂಡರು. ಉಳಿದವನ್ನು ಪಕ್ಕಕ್ಕೆ ಸರಿಸಿ ದೊಡ್ಡದೊಂದು ಉಸಿರು ಬಿಟ್ಟರು. “ಅಭಿನಂದನೆಗಳು. ಇನ್ಮೇಲೆ ಭಾರ ನಿಮ್ಮದು.” ಆಮೇಲೆ ಫೋನು ಎತ್ತಿಕೊಂಡರು.

ಅವನು ಕಾಗದವನ್ನು ಮಡಚಿ ಎದೆಯ ಜೇಬಿಗಿಟ್ಟು ತನ್ನ ಜಾಗಕ್ಕೆ ಬಂದ. ಬಿಸಿಲು ಇನ್ನೂ ಮೇಜಿನ ಮೇಲೇ ಇತ್ತು. ಭಯವೇನೋ ಇತ್ತು, ಆದರೆ ಅದಕ್ಕೊಂದು ದಾರಿಯೂ ಕಂಡಿತು. ಪೆನ್ಸಿಲ್ ಹೇಳಿದರೆ ಯಾರೂ ಕೇಳುತ್ತಿರಲಿಲ್ಲ; ಇಂಜಿನಿಯರ್ ಹೇಳಿದರೆ ಕೇಳಲೇಬೇಕು. ಇಂದೇ ಆ ಹಾಳೆಗಳನ್ನು ತೆಗೆಸಿ ಓದುತ್ತೇನೆ. ತಪ್ಪಿದ್ದರೆ ನೀರು ಇಳಿಸಿ, ಓಣಿ ಖಾಲಿ ಮಾಡಿಸಿ, ಬುಡ ಭದ್ರಪಡಿಸಿದರಾಯಿತು. ಜವಾನನಿಗೂ ತಾನೇ ಹೇಳಬೇಕು.

ಮೊದಲು ಟ್ಯಾಂಕನ್ನೊಮ್ಮೆ ಕಣ್ಣಿಟ್ಟು ನೋಡಬೇಕು. ಅವನು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದ.

ಕಿಟಕಿಯ ತುಂಬ ಬರೀ ಆಕಾಶವಿತ್ತು. ಟ್ಯಾಂಕು ಇರಲಿಲ್ಲ, ಕೆಳಗೆ ಕೆಸರುನೀರಿನ ನಡುವೆ ಓಣಿಯೂ ಇರಲಿಲ್ಲ.