ಅಜ್ಜನ ಕಾವಲು

ಬ್ಯಾಡಗಿಯ ಗೊಬ್ಬರದಂಗಡಿ ಹಾಯ್ದಾಗ, ಹುಳಕ್ಕೆ ಹೊಡೆಯುವ ಎಣ್ಣೆಯ ಘಾಟು ಇಂದಿಗೂ ನನ್ನ ಗಂಟಲು ಹಿಡಿಯುತ್ತದೆ.

ನಮ್ಮೂರ ಕೆರೆಯ ಕೊಕ್ಕರೆಗಳನ್ನು ಅಜ್ಜ ಕಾಯುತ್ತಿದ್ದ. ದೀಪಾವಳಿಗೂ ದಂಡೆಯಲ್ಲಿ ಪಟಾಕಿ ಹಾರಿಸಗೊಡುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಮೀನುಗಳು ಸತ್ತು ತೇಲಿದವು; ಅವನ್ನು ತಿಂದ ಕೊಕ್ಕರೆಗಳು ಕೆಸರಿನಲ್ಲಿ ಕತ್ತು ಚೆಲ್ಲಿ ಬಿದ್ದವು. ಮುಟ್ಟಿದರೆ ರೆಕ್ಕೆಯ ಬುಡ ಇನ್ನೂ ಬೆಚ್ಚಗಿತ್ತು.

“ಹೊರಗಿನವ್ರು ಯಾರೋ ವಿಷ ಹಾಕ್ಯಾರ. ಸಿಗಲಿ, ಕಾಲು ಮುರೀತೀನಿ,” ಎಂದ ಅಜ್ಜ, ಬಡಿಗೆ ಹಿಡಿದು ದಂಡೆಯಲ್ಲೇ ಕಾವಲು ಕೂತ.

ಹೊತ್ತು ಇಳಿದಾಗ ಅಪ್ಪ ಮೆಣಸಿನ ಗಿಡಕ್ಕೆ ಎಣ್ಣೆ ಹೊಡೆದು, ಪಂಪು ತೊಳೆಯಲು ಎಂದಿನಂತೆ ಕೆರೆಗೆ ಬಂದ.

“ತಾ ಇಲ್ಲೆ, ನೀ ದಣದೀದಿ,” ಎಂದು ಅಜ್ಜ ತಾನೇ ಅದನ್ನು ಕೆರೆಯಲ್ಲಿ ಅದ್ದಿ ತೊಳೆದ. ನೀರು ಹಾಲಿನಂತೆ ಬೆಳ್ಳಗಾಯಿತು. ಅವನ ಕಣ್ಣು ಮಾತ್ರ ಹೊರಗಿನವರು ಬರುವ ದಾರಿಯ ಮೇಲೇ ಇತ್ತು.