ಕುರ್ಚಿ ಬಿಡಿ ಸಾರ್

ಐದನೇ ಸಲ ಗುಂಡಿ ಒತ್ತಿದರೂ ಕಂಪ್ಯೂಟರಿನಲ್ಲಿ ಅರ್ಜಿ ಮುಂದೆ ಹೋಗಲಿಲ್ಲ. "ಸರ್ವರ್ ಡೌನು ಮಾರಾಯ್ತಿ," ಎಂದರು ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಶಶಿಧರ್. "ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವ್ಳಿಗೆ ಈಗ್ಯಾಕೆ ಹತ್ತನೇ ಪರೀಕ್ಷೆ? ಕಂಪ್ಯೂಟರಿಗೂ ಮನಸ್ಸಿಲ್ಲ ನೋಡು."

ಖಾಸಗಿಯಾಗಿ ಪರೀಕ್ಷೆ ಕಟ್ಟುವವರಿಗೆ ಅರ್ಜಿ ಹಾಕಲು ಅದೇ ಕೊನೆಯ ದಿನ. ತೋಟದಲ್ಲಿ ಹಣ್ಣು ಕೊಯ್ಯುವ ಮೇಘಶ್ರೀ ಶಶಿಧರ್ ಬೆನ್ನ ಹಿಂದೆ ನಿಂತಿದ್ದಳು. ಬಾಯಿ ತೆರೆಯಲು ನಾಚುವವಳು, ಆದರೆ ಅವಳ ಕಣ್ಣಿಗೆ ಏನೂ ತಪ್ಪುತ್ತಿರಲಿಲ್ಲ. ಅವರು ಒತ್ತಿದಾಗಲೆಲ್ಲ ವೆಬ್‌ಸೈಟಿನ ವಿಳಾಸದ ಪಕ್ಕದಲ್ಲಿ ಕೆಂಪು ಅಡ್ಡಗೆರೆಯ ಪುಟ್ಟ ಚೌಕವೊಂದು ಮೂಡುತ್ತಿತ್ತು.

"ಸಾರ್, ಸರ್ವರ್ ಸರಿ ಇದೆ. ಇನ್ನೊಂದು ಪುಟ ತೆರ್ಕೊಳ್ಳಕ್ಕೆ ನೋಡ್ತಿದೆ, ಈ ಕಂಪ್ಯೂಟರ್ ಬಿಡ್ತಿಲ್ಲ. ನನ್ ಫೋನಲ್ಲೂ ಹೀಗೇ ಆಗಿತ್ತು. ಸೆಟ್ಟಿಂಗ್ ಬದಲಾಯಿಸ್ಬೇಕು."

"ಜಾಹೀರಾತು ನುಗ್ತವೆ ಅಂತ ನಾನೇ ಬಂದ್ ಮಾಡಿಟ್ಟಿದ್ದು. ಹಣ್ಣು ಕೊಯ್ಯೋ ಕೈ ಗಿಡದ ಮೇಲಿರ್ಲಿ, ಇದನ್ನ ಮುಟ್ಬೇಡ."

ಮುಟ್ಟಬೇಡ ಎಂದರೆ ಹಿಂದೆ ಸರಿಯುವುದು ಅವಳಿಗೆ ರೂಢಿ. ಈ ಸಲ ಕೈ ಮುಂದೆ ಹೋಯಿತು. ಅವರ ಅಂಗೈ ಕೆಳಗಿಂದಲೇ ಮೌಸನ್ನು ಎಳೆದುಕೊಂಡಳು. ಚೌಕವನ್ನು ಒತ್ತಿ, ಈ ಒಂದು ವೆಬ್‌ಸೈಟಿಗೆ ಮಾತ್ರ ಅನುಮತಿ ಕೊಟ್ಟು, ಅರ್ಜಿಯ ಗುಂಡಿಯನ್ನು ಮತ್ತೆ ಒತ್ತಿದಳು. ಹೊಸ ಪುಟ ಥಟ್ಟನೆ ತೆರೆದುಕೊಂಡು ಅವಳ ಫೋಟೊ, ಸಹಿ ಕೇಳಿತು.

ಶಶಿಧರ್ ಕೈ ಚಾಚಿದರು. "ಆಯ್ತು, ಮೌಸ್ ಇಲ್ಲಿ ಕೊಡು. ಉಳಿದದ್ದು ನಾನ್ ತುಂಬ್ತೀನಿ."

"ಬೇಡ ಸಾರ್," ಎಂದಳು ಮೇಘಶ್ರೀ. "ನೀವು ಸ್ವಲ್ಪ ಕುರ್ಚಿ ಬಿಡಿ."