ಕಣ್ಣು ಮುಚ್ಚಿ ಓದುವ ಕೌದಿ

ಆಳನ್ನು ಕೊಂಡ ದಿನವೇ ಕಣ್ಣೊಳಗೆ ಮಸೂರ ಕೂರಿಸುವುದು ವಾಡಿಕೆ. ಆಮೇಲೆ ಆಳು ಕಂಡದ್ದೆಲ್ಲ ಧಣಿಯ ಮನೆಯ ಗೋಡೆಯ ಮೇಲೂ ಮೂಡುತ್ತಿತ್ತು. ಹಾಗಾಗಿ ಕಲ್ಲು ಕ್ವಾರಿಯ ಹೆಂಗಸರು ತಮ್ಮ ಪುಸ್ತಕವನ್ನು ಕೌದಿಯಲ್ಲಿ ಹೊಲಿದಿದ್ದರು. ಕಪ್ಪು ಬಟ್ಟೆ, ಕಪ್ಪು ದಾರದ ಉಬ್ಬು ಅಕ್ಷರ. ಹೊಲಿಯುವುದೂ ಓದುವುದೂ ಕಣ್ಣು ಮುಚ್ಚಿಯೇ.

ಅದು ಹೊಳೆ ದಾಟಿ ತಪ್ಪಿಸಿಕೊಂಡ ಆಳೊಬ್ಬಳ ಕಥೆ. ಅದೇ ಕಥೆ ಆಚೆ ದಡದಲ್ಲಿ ಅಚ್ಚಾಗಿತ್ತು. ಓದಿದ ಅಲ್ಲಿಯ ಜನ ಈಗ ಆಳುಗಳನ್ನು ಬಿಡಿಸಲು ಬಂದೂಕು ಹಿಡಿದು ನಿಂತಿದ್ದಾರೆಂದು ಸುದ್ದಿ.

ಮಧ್ಯಾಹ್ನದ ಬಿಡುವಿನಲ್ಲಿ ಕ್ವಾರಿಯ ಹುಡುಗಿ ಮಿಂಗೆಲಿ ಕೌದಿಯ ಮೇಲೆ ಬೆರಳಾಡಿಸುತ್ತ ಕೊನೆಯ ಸಾಲು ಮುಟ್ಟಿದಳು. ಕೌದಿ ಮುಗಿದ ಗುರುತಿಗೆ ಬಟ್ಟೆಯ ಹೂ ಹೊಲಿಯಬೇಕಾದ ಮೂಲೆ ಇನ್ನೂ ಖಾಲಿಯಿತ್ತು. ಅವಳು ಬಿಳಿ ದಾರ ಪೋಣಿಸಿ ಹೊಲಿಯತೊಡಗಿದಳು: ‘ಈ ಕಣ್ಣುಗಳು ನನ್ನವು.’

ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ ಚಿಕ್ಕಮ್ಮ ದುಮ್ಗಿಯ ಬೆರಳು ಆ ಹೊಲಿಗೆಯ ಮೇಲೆ ಹರಿದು ಗಕ್ಕನೆ ನಿಂತಿತು. ಇಷ್ಟು ನೆಟ್ಟಗಿನ ಹೊಲಿಗೆ ಕಣ್ಣು ಬಿಟ್ಟವರದೇ.

“ಕಣ್ಣು ಮುಚ್ಚು ಹುಡುಗಿ, ಧಣಿ ನೋಡ್ತಾನ!”

“ನೋಡ್ಲಿ ಚಿಕ್ಕವ್ವ. ಅವನಿಗೇ ಬರ್ಯಾಕತ್ತೀನಿ.”

ದೂರದಲ್ಲಿ ಧಣಿಯ ಜೀಪು ಗುರುಗುಟ್ಟಿತು. ದುಮ್ಗಿ ಕಣ್ಣು ತೆರೆದು ತಾನೂ ಸೂಜಿ ಎತ್ತಿಕೊಂಡಳು.

“ಅಕ್ಷರ ಭಾಳ ಸಣ್ಣ ಆಗ್ಯಾವ. ದೊಡ್ಡದಾಗಿ ಹೊಲಿಯೋಣು. ಅವನ ಗೋಡಿ ತುಂಬಬೇಕು.”